ತುಳಸಿ ಡಬ್ಬದಲ್ಲಿದ್ದ ತಾಯಿ

ದೊಡ್ಡಬಳ್ಳಾಪುರದ ನಮ್ಮ ಬಾಡಿಗೆ ಮನೆಗೂ ಪಕ್ಕದ ಮನೆಗೂ ಮಹಡಿಯಲ್ಲಿ ಒಂದೇ ಬಾಲ್ಕನಿ. ಕೆಳಗೆ ಮಾಲೀಕರ ಮಗ್ಗಗಳು ದಿನವಿಡೀ ಬಡಿದುಕೊಳ್ಳುತ್ತವೆ. ಮೇಲೆ ಪೇಂಟ್ ಬಕೆಟ್ಟು, ಒಡೆದ ಬಿಂದಿಗೆಗಳಲ್ಲಿ ನನ್ನ ಪುದೀನ, ಕರಿಬೇವು, ಗುಲಾಬಿ. ಪಕ್ಕದ ಮನೆಯ ಅಜ್ಜಿಯದು ಎಣ್ಣೆಯ ತಗಡಿನ ಡಬ್ಬದಲ್ಲಿ ನೆಟ್ಟ ಒಂದೇ ತುಳಸಿ. ಅದಕ್ಕೆ ತೂಬಗೆರೆಯ ತಮ್ಮ ಹೊಲದಿಂದಲೇ ಮಣ್ಣು ತರಿಸಿದ್ದರು. ನಾನು ನೀರು ಹಾಕಿದ ಗಿಡಗಳಿಗೇ ಅವರು ಬಂದು ಇನ್ನೊಂದು ಚೊಂಬು ಸುರಿದು ಬೇರು ಕೊಳೆಸುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಬೆಳಿಗ್ಗೆ, ಸ್ನಾನ ಮುಗಿಸಿ ಒದ್ದೆ ಸೀರೆಯಲ್ಲೇ ಬಂದ ಅಜ್ಜಿ ತುಳಸಿ ಡಬ್ಬವನ್ನು ಮುಟ್ಟಿ, ಕೈ ಕಣ್ಣಿಗೊತ್ತಿಕೊಂಡು ನನ್ನನ್ನು ಕರೆದರು.

"ಬಾರವ್ವ ಇಲ್ಲಿ. ಮುಟ್ಟಿದ್ರೆ ಕೈ ಜುಮ್ ಅಂತದೆ ಕಣವ್ವ. ತಾಯಿ ಬಂದವ್ಳೆ."

ನಾನೂ ಮುಟ್ಟಿದೆ. ಏನೂ ಆಗಲಿಲ್ಲ.

ಅಜ್ಜಿ ನನ್ನ ರಬ್ಬರ್ ಚಪ್ಪಲಿ ನೋಡಿದರು. "ಚಪ್ಲಿ ಹಾಕ್ಕೊಂಡು ತುಳಸಮ್ಮನ್ನ ಮುಟ್ತಾರಾ? ನಿಂಗೆಲ್ಲಿ ಸಿಕ್ತಾಳೆ ಬಿಡು."

ಇವರ ಭಕ್ತಿಗಿಷ್ಟು ಬೆಂಕಿ ಬೀಳ ಎಂದು ಗೊಣಗಿಕೊಂಡು ಒಳಗೆ ಹೋದೆ. ನನ್ನ ಮಂಡೆಗೂ ಏನೂ ಹೊಳೆಯಲಿಲ್ಲ.

ವಾರ ಕಳೆದಿರಬೇಕು. ಚಪ್ಪಲಿಯ ಬಾರು ಕಿತ್ತುಹೋಗಿ ಬರಿಗಾಲಲ್ಲಿ ನೀರು ಹಾಕುತ್ತಿದ್ದೆ. ನೆಲವೆಲ್ಲ ಒದ್ದೆ. ತುಳಸಿ ಡಬ್ಬವಿದ್ದ ಕಬ್ಬಿಣದ ಸ್ಟ್ಯಾಂಡಿಗೆ ಮೊಣಕೈ ತಗುಲಿತು ನೋಡಿ, ಭುಜದವರೆಗೂ ಝಾಡಿಸಿ ಒದ್ದಂತಾಯಿತು. ಚೊಂಬು ಎಲ್ಲಿ ಬಿತ್ತೋ. ಬಗ್ಗಿ ನೋಡಿದರೆ, ಕೆಳಗಿನ ಮಗ್ಗಗಳಿಗೆ ಹೋಗುವ ವೈರು ಸ್ಟ್ಯಾಂಡಿಗೆ ಉಜ್ಜಿ ಉಜ್ಜಿ ಸಿಪ್ಪೆ ಸುಲಿದುಕೊಂಡಿತ್ತು. ದೇವರೇ! ಆ ಮುದುಕಿ ದಿನಾ ಒದ್ದೆ ಮೈಯಲ್ಲಿ, ಬರಿಗಾಲಲ್ಲಿ ನಿಂತು ಮುಟ್ಟುತ್ತಿದ್ದದ್ದು ಇದನ್ನೇ.

ಕೂಗಿ ಕೂಗಿ ಮಗ್ಗದ ಮೇನ್ ಆಫ್ ಮಾಡಿಸಿದೆ. ಮಾಲೀಕರ ಜೊತೆ ಜಗಳವಾಡಿ ಅವತ್ತೇ ಎಲೆಕ್ಟ್ರಿಷಿಯನ್ ಕರೆಸಿದೆ. ಅವನು ವೈರು ಬದಲಾಯಿಸಿ, "ಒಂದು ಜೋರು ಮಳೆ ಬಿದ್ದಿದ್ರೆ ಅಜ್ಜಿ ಉಳೀತಿರ್ಲಿಲ್ಲ ಮೇಡಂ" ಎಂದ. ಅಜ್ಜಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. "ಆಯ್ತು ಬಿಡವ್ವ" ಎಂದರು.

ಮರುದಿನ ಬೆಳಿಗ್ಗೆ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅಜ್ಜಿ ಬಂದರು, ನೀರು ಹಾಕಿದರು, ಡಬ್ಬ ಮುಟ್ಟಿದರು. ಕಾದರು. ಮತ್ತೆ ಮುಟ್ಟಿದರು. ತುಳಸಿಯತ್ತ ಬಗ್ಗಿದರು.

"ಯಾಕವ್ವ ಹೊಂಟೋದೆ? ನಾನೇನ್ ತಪ್ ಮಾಡ್ದೆ?"

"ಅಜ್ಜಿ, ಅದು ಕರೆಂಟು ಅಂತ ನಿನ್ನೇನೇ ಹೇಳಿದ್ನಲ್ಲ" ಎಂದೆ. ಅವರು ನನ್ನ ಕಡೆ ತಿರುಗಲೂ ಇಲ್ಲ. ಚೊಂಬಿನಲ್ಲಿ ಕೈ ಅದ್ದಿ ಗ್ರಿಲ್ಲಿನ ಒಂದೊಂದೇ ಸರಳು ಮುಟ್ಟುತ್ತಾ ಹೋದರು. ಆಮೇಲೆ ನಲ್ಲಿಯ ಪೈಪು. ಆಮೇಲೆ ಮೆಟ್ಟಿಲ ಬಳಿ, ಮುಚ್ಚಳ ಮುರಿದ ಮೀಟರ್ ಬೋರ್ಡಿನತ್ತ ಒದ್ದೆ ಕೈ ಚಾಚಿದರು. ಓಡಿಹೋಗಿ ಅವರ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡೆ.

ಅಜ್ಜಿ ಕೊಸರಿಕೊಂಡರು. "ಬಿಡವ್ವ, ಬಿಡು. ಇಲ್ಲೇ ಎಲ್ಲೋ ಅವ್ಳೆ."