ಜವಳಿ ಕರುವಿನ ಸಾಹೇಬರು

ನಮ್ಮ ಸಾಹೇಬರ ಎಡಗೈ ಉಗುರುಗಳು ಬುಡದವರೆಗೆ ಕತ್ತರಿಸಿ ನುಣ್ಣಗಿರುತ್ತಿದ್ದವು. ಬಲಗೈಯವು ಬೆಳೆದು ಚೂಪಾಗಿರುತ್ತಿದ್ದವು. ಆಕಳ ಗರ್ಭ ಮುಟ್ಟಿ ನೋಡುವುದು ಎಡಗೈಯಿಂದ, ಒಳಗೆ ಒಂದು ಗೀರೂ ಬೀಳಬಾರದು. ಬಲಗೈ ಮನುಷ್ಯರ ಪಾಲಿನದು ಎಂದು ನಾವು ಸಹಾಯಕರು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದೆವು.

ರಾಯಚೂರಿನ ಪ್ರಯೋಗಾಲಯದಲ್ಲಿ ಅವರದು ದನಗಳ ಬಂಜೆತನದ ಸಂಶೋಧನೆ. ಎಷ್ಟು ಸಲ ಸೂಜಿ ಹಾಕಿಸಿದರೂ ಗಬ್ಬ ನಿಲ್ಲದ ಆಕಳುಗಳನ್ನು ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಲ್ಲಿ ಹುಡುಕಿ, ರಕ್ತ ತಂದು, ವರ್ಣತಂತು ನೋಡುವುದು. ನಾನು ಪೋತ್ನಾಳದ ಕೂಲಿಯವರ ಮಗಳು, ಎಂಎಸ್ಸಿ ಮುಗಿಸಿ ಅವರ ಕೈಕೆಳಗೆ ಸೇರಿದ್ದೆ. ಮೊದಲ ವಾರವೇ ಒಂದು ಸ್ಲೈಡ್ ಕೆಡಿಸಿದೆ. ಸಾಹೇಬರು ಅದನ್ನು ಕಸದ ಡಬ್ಬಿಗೆ ಎಸೆದು, "ನಿಮ್ಮವ್ವ ಭತ್ತ ನಾಟಿ ಮಾಡ್ತಾಳಲ್ಲ, ಸಾಲು ತಪ್ಪಿದ್ರ ಹೊಲದ ಮಾಲಕ ಏನಂತಾನ? ನಾನೂ ಅದ ಅಂತೀನಿ" ಎಂದರು. ಮಾಲೀಕ ಏನನ್ನುತ್ತಾನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅಂದು ನನಗೆ ಅನ್ನ ಸೇರಲಿಲ್ಲ. ಆಮೇಲೆ ನನ್ನ ಸ್ಲೈಡ್ ಕೆಡಲಿಲ್ಲ ಎನ್ನುವುದೂ ನಿಜ.

ದನದ ಮುಂದೆ ಮಾತ್ರ ಅವರು ಬೇರೆ ಮನುಷ್ಯ. ಗಾಜಿನ ಕೊಳವೆಯನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿಯೇ ಒಳಗೆ ಇಡುತ್ತಿದ್ದರು. "ತಾಳವಾ, ಆತು, ಆತು" ಎಂದು ಬೆನ್ನು ಸವರುತ್ತಿದ್ದರು. ಆ ದನಿಯನ್ನು ನಮ್ಮಲ್ಲಿ ಯಾರಿಗೂ ಅವರು ಕೇಳಿಸಿದವರಲ್ಲ.

ದೇವದುರ್ಗದ ಕಡೆಯ ಒಂದು ಮನೆಯಲ್ಲಿ ಮಣಕವೊಂದು ನಾಲ್ಕು ವರ್ಷವಾದರೂ ಗಬ್ಬ ಆಗಿರಲಿಲ್ಲ. ಸೊಸೆಗೆ ತವರಿನವರು ಮದುವೆಯಲ್ಲಿ ಕೊಟ್ಟ ಕರು ಅದು. ಸೊಸೆಗೂ ಮಕ್ಕಳಾಗಿರಲಿಲ್ಲ, ಮಗನಿಗೆ ಬೇರೆ ಹೆಣ್ಣು ನೋಡುವ ಮಾತು ಆಗಲೇ ಎದ್ದಿತ್ತು. ಅತ್ತೆ ನಮ್ಮೆದುರೇ, "ತವರಿನ ಆಕಳೂ ಗೊಡ್ಡು, ಹಗ್ಗ ಹಿಡಕೊಂಡು ಬಂದಾಕೀನೂ ಗೊಡ್ಡು" ಎಂದಳು.

ಸೊಸೆ ಹಗ್ಗ ಬಿಡಲಿಲ್ಲ. "ನಮ್ಮಪ್ಪ ಕೊಟ್ಟಿಗ್ಯಾಗಿನ ಛಲೋ ಕರಾನ ಆರಿಸಿ ಕೊಟ್ಟಾನ್ರಿ. ಏನರ ಔಷಧ ಕೊಡ್ರಿ ಸಾಹೇಬ್ರ. ಇದು ಗಬ್ಬ ನಿಂತ್ರ ನಾನೂ ಈ ಮನ್ಯಾಗ ನಿಲ್ತೀನಿ" ಎಂದಳು.

ಕೊಳವೆ ನಾಲ್ಕು ಬೆರಳಿಗಿಂತ ಒಳಗೆ ಹೋಗಲಿಲ್ಲ. "ಇದು ಹೋರಿಗರದ ಜೋಡಿ ಜವಳಿ ಹುಟ್ಟಿದ್ದೇನು?" ಎಂದು ಸಾಹೇಬರು ಕೇಳಿದರು. "ಇಲ್ರಿ, ಒಂದ ಹುಟ್ಟಿತ್ತಂತ ನಮ್ಮಪ್ಪ ಹೇಳ್ಯಾನ" ಎಂದಳು ಅವಳು. ಆಕಳ ಹೊಟ್ಟೆಯಲ್ಲಿ ಗಂಡು, ಹೆಣ್ಣು ಜವಳಿಯಾಗಿ, ಅಂದರೆ ಅವಳಿಯಾಗಿ ಬೆಳೆದರೆ ಗಂಡುಕರುವಿನ ರಕ್ತ ಹೆಣ್ಣಿಗೂ ಹರಿಯುತ್ತದೆ. ಆಗ ಹೆಣ್ಣುಕರುವಿನ ಗರ್ಭಕೋಶ ಸರಿಯಾಗಿ ಬೆಳೆಯುವುದಿಲ್ಲ. ನಾವು ತಂದ ರಕ್ತದಲ್ಲಿ ಹೋರಿಯ ಜೀವಕೋಶಗಳು ಎದ್ದು ಕಂಡವು. ಸಾಹೇಬರು ಅಂದು ಪ್ರಯೋಗಾಲಯದವರಿಗೆಲ್ಲ ಚಹಾ ಕುಡಿಸಿದರು.

ಆಮೇಲೆ ಅದರ ಜವಳಿ ಹೋರಿಯನ್ನು ಹುಡುಕಿಕೊಂಡು ಸೊಸೆಯ ತವರು ಚೀಕಲಪರ್ವಿಗೆ ಹೋದೆವು. ಕೊಟ್ಟಿಗೆಯಲ್ಲಿ ಆ ಮಣಕದಂತೆಯೇ ಬಿಳಿ ಹಣೆಯ ಹೋರಿಯೊಂದು ನಿಂತಿತ್ತು. ಅವಳ ಅಪ್ಪ ಅದನ್ನು ನೋಡಿದ, ನಮ್ಮನ್ನು ನೋಡಿದ, ಕೈ ಮುಗಿದ. "ಗಂಡಿನ ಜೋಡಿ ಹುಟ್ಟಿದ್ದು ಈಯಂಗಿಲ್ಲಂತ ನನಗ ಗೊತ್ತಿತ್ರೀ. ಮಗಳನ್ನ ಬರಿಗೈಲೆ ಕಳಸಬಾರದಂತ ಕೊಟ್ಟೆ. ಈಯೋ ಕರ ಕೊಡಾಕ ಮನಸ್ಸಾಗಲಿಲ್ಲ. ಆಕಿಗಿ ಮಾತ್ರ ಹೇಳಬ್ಯಾಡ್ರಿ."

"ನನ್ನ ಫಾರಂದಾಗ ಸುಳ್ಳು ಬರಿಯಾಕ ಜಾಗ ಇಲ್ಲ" ಎಂದರು ಸಾಹೇಬರು.

ಮಣಕದ ರಕ್ತ ಇನ್ನೊಮ್ಮೆ ತೆಗೆಯಲು ದೇವದುರ್ಗದ ಕಡೆಯ ಆ ಮನೆಗೆ ಹೋದೆವು. ಅಂಗಳದಲ್ಲಿ, ನೆರೆಹೊರೆಯವರೆಲ್ಲ ನಿಂತಿದ್ದಾಗ, ಸಾಹೇಬರು ಇದ್ದದ್ದನ್ನು ಇದ್ದಂತೆ ಹೇಳಿದರು. ಸೊಸೆ, "ನಮ್ಮಪ್ಪಗ ಗೊತ್ತಿತ್ತೇನ್ರಿ?" ಎಂದು ಕೇಳಿದಳು. "ಗೊತ್ತಿತ್ತು" ಎಂದರು.

ಅತ್ತೆ ಚಪ್ಪಾಳೆ ತಟ್ಟಿದಳು. "ಈಕೀನೂ ಅಣ್ಣನ ಜೋಡಿ ಜವಳಿ ಹುಟ್ಟಿದಾಕಿನ! ಲಗ್ನದಾಗ ಆಕಿ ಅಪ್ಪನ ಹೇಳಿದ್ದ. ಕೇಳಿದ್ರೇನ್ರೆವ್ವಾ, ಜವಳಿ ಹೆಣ್ಣು ಹಡಿಯಂಗಿಲ್ಲಂತ ಸಾಹೇಬ್ರ ಹೇಳ್ಯಾರ!"

ಸೊಸೆ ಸಾಹೇಬರತ್ತ ತಿರುಗಿದಳು. "ಖರೇನ್ರೀ ಸಾಹೇಬ್ರ? ನನಗೂ ಹಂಗ ಆಗ್ಯಾದೇನ್ರಿ?"

ಮನುಷ್ಯರಲ್ಲಿ ಹಾಗಾಗುವುದಿಲ್ಲ. ಅಣ್ಣನ ಜೊತೆ ಹುಟ್ಟಿದ ಹೆಣ್ಣುಮಕ್ಕಳು ಎಲ್ಲರಂತೆ ಹಡೆಯುತ್ತಾರೆ. ಇಷ್ಟು ಹೇಳಲು ಎಷ್ಟು ಹೊತ್ತು ಬೇಕು? ಸಾಹೇಬರು ಕೈ ತೊಳೆದುಕೊಳ್ಳುತ್ತಾ, "ನಾ ದನದ ಡಾಕ್ಟರ್ ಅದೀನಿ. ಮಂದೀದು ದವಾಖಾನ್ಯಾಗ ಕೇಳು" ಎಂದು ಜೀಪಿನತ್ತ ನಡೆದರು. ನಾನು ಐಸ್ ಡಬ್ಬಿ ಎತ್ತಿಕೊಂಡು ಅವರ ಹಿಂದೆ ಹೋದೆ.

ರಾಯಚೂರು ಅರ್ಧ ದಾರಿ ಇರುವಾಗ ಬಾಯಿ ಬಿಟ್ಟೆ. "ಮನುಷ್ಯಾರಾಗ ಹಂಗಾಗಂಗಿಲ್ಲಂತ ಒಂದು ಮಾತು ಹೇಳಬಹುದಿತ್ತಲ್ರೀ ಸರ್?"

ಅವರು ನನ್ನತ್ತ ತಿರುಗಲೂ ಇಲ್ಲ. "ನಿನಗೂ ಗೊತ್ತಿತ್ತು. ಬಾಯಿ ನನಗೊಬ್ಬನಿಗೇ ಅದ ಏನು?"

ಆ ಮಾತಿಗೆ ಅವರನ್ನು ದ್ವೇಷಿಸಿದೆ. ಸುಳ್ಳೆಂದು ತಳ್ಳಿಹಾಕಲು ಆಗಲಿಲ್ಲವಲ್ಲ, ಅದಕ್ಕೇ ಇನ್ನಷ್ಟು ದ್ವೇಷಿಸಿದೆ. ಮರುದಿನವೇ ರಜೆ ಹಾಕಿ ಆ ಮನೆಗೆ ಹಿಂದಿರುಗಿ, ಅವಳಿಗೆ ಹೇಳಿ ಬರಲು ಹೋಗಬಹುದಿತ್ತು. ಹೋಗಲಿಲ್ಲ, ಸಾಹೇಬರು ಕೆಲಸದಿಂದ ತೆಗೆದಾರೆಂಬ ಹೆದರಿಕೆ. ತಿಂಗಳೊಪ್ಪತ್ತಿನಲ್ಲಿ ಅವಳನ್ನು ಮಣಕದ ಸಮೇತ ತವರಿಗೆ ಅಟ್ಟಿದರೆಂದು ಸುದ್ದಿ ಬಂತು.

ಅದಾಗಿ ಎಷ್ಟೋ ವರ್ಷಗಳ ಮೇಲೆ, ಹೋದ ವರ್ಷ, ಸಾಹೇಬರು ತೀರಿಕೊಂಡರು. ಸಂತಾಪ ಸಭೆಯಲ್ಲಿ ಅವರ ಸಂಶೋಧನೆಯ ಚಿತ್ರಗಳನ್ನು ಪರದೆಯ ಮೇಲೆ ತೋರಿಸಿದರು. ಬಿಳಿ ಹಣೆಯ ಆ ಮಣಕವೂ ಬಂತು. ಹಗ್ಗ ಹಿಡಿದ ಹಸಿರು ಬಳೆಯ ಕೈ ಮಣಿಕಟ್ಟಿನವರೆಗೆ ಇತ್ತು, ಉಳಿದವಳನ್ನು ಸಾಹೇಬರು ಚಿತ್ರದಿಂದ ಕತ್ತರಿಸಿ ತೆಗೆದಿದ್ದರು. ನನ್ನನ್ನೂ ಮಾತಾಡಲು ಕರೆದರು. "ಸರ್ ಎಂದೂ ಸುಳ್ಳು ಹೇಳಲಿಲ್ಲ" ಎಂದಷ್ಟೇ ಹೇಳಿ ಕುಳಿತೆ. ಜನ ಕಣ್ಣೊರೆಸಿಕೊಂಡರು.

ಮರುದಿನ ಬಸ್ಸು ಹಿಡಿದು ಚೀಕಲಪರ್ವಿಗೆ ಹೋದೆ. ಅವಳು ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳು. ಗಂಡನಿಗೆ ಬೇರೆ ಮದುವೆಯಾಗಿ ಮಕ್ಕಳೂ ಆಗಿದ್ದವು. ಅವಳನ್ನು ಮತ್ತೆ ಯಾರೂ ಕೇಳಿಕೊಂಡು ಬಂದಿರಲಿಲ್ಲ. ಜವಳಿ ಹೆಣ್ಣೆಂಬ ಮಾತು ಊರೂರಿಗೆ ಹೋಗಿತ್ತು. ಮನುಷ್ಯರಲ್ಲಿ ಹಾಗಾಗುವುದಿಲ್ಲ ಎಂದು ನಾನು ಅಂದೇ ಹೇಳಬೇಕಾಗಿದ್ದ ಒಂದು ಮಾತನ್ನು ಕೊನೆಗೂ ಹೇಳಿದೆ.

ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ನನ್ನ ಮುಖವನ್ನು ಹತ್ತಿರದಿಂದ ನೋಡಿದಳು.

"ಅವತ್ತು ಡಬ್ಬಿ ಹಿಡಕೊಂಡು ನಿಂತಾಕಿ ನೀನ ಅಲ್ಲೇನವಾ?"

ಹೌದು ಎಂದೆ.

"ಅವಾಗ ನಿನಗ ಗೊತ್ತಿತ್ತೇನು?"