ಮಾರಪ್ಪನ ದಿಬ್ಬದ ಗಂಧದ ಗಿಡ

ಸತ್ತ ಗಂಡನಿಗೆ ದಿನಾ ನೀರು ಹೊರುವ ಕೆಲಸ ಹನುಮಮ್ಮನ ಪಾಲಿಗೆ ಬಂದದ್ದು ರಾಜ್ಯ ಒಂದಾದ ಮರುವರ್ಷ. ಮೈಸೂರು ದೊಡ್ಡದಾಯಿತೆಂದು ಶಿಕಾರಿಪುರದಲ್ಲಿ ಇನ್ನೂ ಭಾಷಣಗಳು ನಡೆಯುತ್ತಿದ್ದವು. ತಾಳಗುಂದದ ಆಚೆಯ ಆ ಊರಿನಲ್ಲಿ ಒಬ್ಬ ಹೆಂಗಸಿನ ಲೋಕ ಮಾತ್ರ ಮನೆಯಿಂದ ಕೆರೆಗೆ, ಕೆರೆಯಿಂದ ಸುಡುಗಾಡಿಗೆ, ಅಷ್ಟಕ್ಕೆ ಬಂದು ನಿಂತಿತ್ತು.

ಗಂಡ ಮಾರಪ್ಪ ಕುರಿ ಕಾಯುವವನು. ಚಳಿಜ್ವರ ಬಂದು ಸತ್ತ. ಮನೆತನದ ಪದ್ಧತಿಯಂತೆ ಹೂಳಿದರು. ಹೆಸರಿಗೆ ಸುಡುಗಾಡು, ಅಲ್ಲಿ ಸುಡುವುದು ಅಪರೂಪ. ಮಳೆಗಾಲ ಕಳೆಯುವ ಹೊತ್ತಿಗೆ ಅವನ ಮೇಲಿನ ಮಣ್ಣಿನ ದಿಬ್ಬದಲ್ಲಿ ಒಂದು ಗಿಡ ತಲೆಯೆತ್ತಿತು. ಯಾವುದೋ ಕಳೆಯಾಗಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಅದು ಗಂಧದ ಗಿಡ.

"ನನ್ ಮಗ ಬಂದಾನ! ಗಂಧ ಆಗಿ ಬಂದಾನ!" ಎಂದು ಅತ್ತೆ ದುರುಗಮ್ಮ ದಿಬ್ಬದ ಮೇಲೆ ಬಿದ್ದು ಅತ್ತಳು. ಆ ಅಳುವಿನಲ್ಲಿ ಮೋಸವಿರಲಿಲ್ಲ. ಮೋಸ ಆಮೇಲೆ ಬಂತು, ಊರ ಕಟ್ಟೆಯ ಮೇಲೆ ಕೂತವರಿಂದ.

ಅಷ್ಟರಲ್ಲಿ ಸೊರಬದ ಕಡೆಯ ಹೊಸಬಾಳೆಯಿಂದ ಸಣ್ಣಬೀರಪ್ಪ ಎಂಬವನು ಹನುಮಮ್ಮನನ್ನು ಉಡಿಕೆ ಮಾಡಿಕೊಳ್ಳುತ್ತೇನೆಂದು ಹೇಳಿಕಳಿಸಿದ್ದ. ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ ಮತ್ತೊಂದು ಮನೆಗೆ ಕಳಿಸುವ ಉಡಿಕೆ ಅವರಲ್ಲಿ ಹಿಂದಿನಿಂದಲೂ ಇದ್ದದ್ದೇ. ತಲೆ ಬೋಳಿಸಿ ಮೂಲೆಗೆ ಕೂರಿಸುವ ದೊಡ್ಡ ಜಾತಿಗಳಿಗೆ ಇಲ್ಲದ ದೊಡ್ಡತನ ಅದು. ಹನುಮಮ್ಮನಿಗೂ ಮನಸ್ಸಿತ್ತು. ಆದರೆ ಕಳಿಸಬೇಕಾದವರು ಗಂಡನ ಮನೆಯವರು. ಅಂಜನಾಪುರದ ಕಾಲುವೆ ನೀರು ಗದ್ದೆಗೆ ಹರಿದ ಮೇಲೆ ನಾಟಿಗೆ, ಕಳೆ ಕೀಳುವುದಕ್ಕೆ, ಕುರಿಗೊಬ್ಬರ ಹೊರುವುದಕ್ಕೆ ಆ ಮನೆಯಲ್ಲಿ ಕೂಲಿ ಕೇಳದ ಆಳು ಅವಳೊಬ್ಬಳೇ. ಅಂಥವಳನ್ನು ಯಾರು ಬಿಟ್ಟುಕೊಡುತ್ತಾರೆ?

ಊರ ಹಿರಿಯ ಹುಚ್ಚರಾಯಪ್ಪ ತೀರ್ಪು ಕೊಟ್ಟ. "ಗಿಡ ಹಸಿರಿರೋ ತನಕ ಹನುಮವ್ವ ಮಾರಪ್ಪನ ಹೆಂಡ್ತಿ. ದಿನಾ ಒಂದ್ ಕೊಡ ನೀರು ಹಾಕ್ಲಿ. ಒಣಗಿತಂದ್ರ, ಅವನೇ ಬಿಟ್ಟುಕೊಟ್ಟ ಅಂತ ತಿಳ್ಕಂಡು ಉಡಿಕಿ ಮಾಡಣ."

ಎಂಥ ನ್ಯಾಯ! ಗಿಡ ಒಣಗಿದರೆ ಬಿಡುಗಡೆಯಾಗುವವಳು ಅವಳು, ಒಣಗದಂತೆ ನೋಡಿಕೊಳ್ಳಬೇಕಾದವಳೂ ಅವಳೇ. ಕೈದಿಯೇ ಬೀಗಕ್ಕೆ ದಿನಾ ಎಣ್ಣೆ ಬಿಡಬೇಕು.

ಕಿತ್ತೆಸೆಯಲು ಹನುಮಮ್ಮನಿಗೆ ಕೈ ಬರಲಿಲ್ಲ. ಒಂದು ವೇಳೆ ಅವನೇ ಆಗಿದ್ದರೆ? ನೀರು ಹಾಕಲು ಮನಸ್ಸೂ ಬರಲಿಲ್ಲ. ದಿಬ್ಬದಿಂದ ಒಂದು ಮಾರು ಆಚೆ ತಂಗಡಿ ಪೊದೆಯೊಂದಿತ್ತು. ಕೆರೆ ಏರಿಯ ಮೇಲೆ ಕಾವಲು ನಿಂತ ಅತ್ತೆಗೆ ಸೊಸೆ ಬಗ್ಗಿದ್ದು ಕಂಡರೆ ಸಾಕು. ಹನುಮಮ್ಮ ಕೊಡವನ್ನು ತಂಗಡಿಯ ಬುಡಕ್ಕೆ ಬಗ್ಗಿಸಿ ಬರುತ್ತಿದ್ದಳು.

"ಹಾಕ್ದ್ಯೇನೇ?"

"ಹಾಕ್ದೆ ಅತ್ತಿ."

ಯಾವುದಕ್ಕೆ ಎಂದು ಅತ್ತೆ ಕೇಳಲಿಲ್ಲ, ಇವಳು ಹೇಳಲಿಲ್ಲ.

ಸುಡುಗಾಡಿಗೆ ಕುಡುಗೋಲು ಬರುತ್ತಿರಲಿಲ್ಲ, ಕುರಿಯೂ ಬರುತ್ತಿರಲಿಲ್ಲ. ಸತ್ತವರ ಹುಲ್ಲು ಮೇಯಿಸಿದರೆ ಹಿಂಡಿಗೆ ಕೇಡು ಎಂಬ ಹೆದರಿಕೆ. ಹಾಗಾಗಿ ಊರ ಸುತ್ತಿನ ಗೋಮಾಳವೆಲ್ಲ ಬೋಳಾಗಿದ್ದರೂ ಅಲ್ಲಿ ತೊಡೆಯುದ್ದ ಹುಲ್ಲು, ಲಕ್ಕಿ, ಎಕ್ಕ, ಕಾರೆಮುಳ್ಳು. ತಲೆಕಲ್ಲಿನ ಮೇಲೆ ಓತಿಕ್ಯಾತ ಬಿಸಿಲು ಕಾಯಿಸುತ್ತ ಹೌದು ಹೌದೆಂದು ತಲೆ ಆಡಿಸುವುದು. ಮುಂಗುಸಿ ಮರಿಗಳನ್ನು ಹಿಂದಿಟ್ಟುಕೊಂಡು ದಿಬ್ಬಗಳ ನಡುವೆ ಸಂತೆಗೆ ಹೊರಟವಳ ಹಾಗೆ ಅವಸರದಲ್ಲಿ ಹೋಗುವುದು. ತಂಗಡಿ ಹೂಬಿಟ್ಟಾಗ ಹಳದಿ ಚಿಟ್ಟೆಗಳು ಮುತ್ತಿ, ಯಾವುದು ಹೂವು ಯಾವುದು ಚಿಟ್ಟೆ ತಿಳಿಯುತ್ತಿರಲಿಲ್ಲ. ಎಲ್ಲೋ ಗಂಧದ ಕಪ್ಪು ಹಣ್ಣು ತಿಂದ ಪಿಕಳಾರ ಹಕ್ಕಿ ತಲೆಕಲ್ಲಿನ ಮೇಲೆ ಕೂತು ಬೀಜ ಉದುರಿಸಿದ್ದನ್ನೂ ಅವಳು ಕಂಡಳು. ಅತ್ತೆಯ ಮಗ ಬಂದ ದಾರಿ ಆಗ ಗೊತ್ತಾಯಿತು. ಆದರೂ ಒಳಗಿನ ಅಂಜಿಕೆ ಪೂರ್ತಿ ಹೋಗಲಿಲ್ಲ. ಊರೆಲ್ಲ ಹೆದರುವ ಆ ಜಾಗದಲ್ಲೇ ಅವಳನ್ನು ಕೂಗಿ ಕರೆದು ಕೆಲಸ ಹೇಳುವವರು ಯಾರೂ ಇರಲಿಲ್ಲ. ಕೊಡ ಖಾಲಿಯಾದ ಮೇಲೂ ಸ್ವಲ್ಪ ಹೊತ್ತು ನಿಲ್ಲುತ್ತಿದ್ದಳು.

ಬೇಸಿಗೆ ಬಂತು. ಹುಲ್ಲು ಒಣಗಿತು, ಲಕ್ಕಿಯೂ ಬಾಡಿತು. ಗಂಧದ ಗಿಡ ಮಾತ್ರ ಅವಳ ಮೊಣಕಾಲು ದಾಟಿ ಮಿರಮಿರ ಮಿಂಚಿತು. "ಸೊಸಿ ಎಷ್ಟು ನಿಷ್ಠಿಲಿ ಸಾಕ್ಯಾಳ ನೋಡ್ರಿ!" ಎಂದು ಊರು ಹೊಗಳಿತು. ಅವಳಿಗೆ ಆ ಹೊಗಳಿಕೆ ಕೊರಳಿಗೆ ಉರುಳು ಬಿದ್ದಂತಾಯಿತು.

ಗಂಧ ಎಲ್ಲಿ ಬೆಳೆದರೂ ಸರ್ಕಾರದ್ದು. ಅದನ್ನು ನೋಡಿಹೋಗಲು ಬಂದ ಫಾರೆಸ್ಟ್ ಗಾರ್ಡ್ ಗುರುಮಲ್ಲಪ್ಪನನ್ನು ಅವಳು ಕೇಳಿದಳು. "ನೀರಿಲ್ದ ಇದು ಹೆಂಗ್ರಿ ಬದುಕ್ತೈತಿ?"

"ಇದಕ್ಯಾಕವ್ವ ನೀರು? ನೆಲದೊಳಗ ಪಕ್ಕದ ಗಿಡದ ಬೇರಿಗೆ ಬಾಯಿ ಹಾಕಿ ಕುಡೀತೈತಿ. ತಂಗಡಿ ದುಡಿಯೋದು, ಇದು ಉಣ್ಣೋದು."

ಹನುಮಮ್ಮನಿಗೆ ನಗು ಬಂತು. "ನಮ್ ಮನಿಯಾಗೂ ಹಂಗೇ ಐತ್ರಿ."

ಅವನೂ ನಕ್ಕ. "ನೋಡವ್ವ, ಕಡಿದ್ರ ಕೇಸು. ಮತ್ತ ಬುಡಕ್ಕ ನೀರು ನಿಲ್ಲಂಗ ಹೊಯ್ಬ್ಯಾಡ. ಕೆಸರಾತಂದ್ರ ಬೇರು ಕೊಳೀತೈತಿ, ತಾನೇ ಹೋಗ್ತೈತಿ," ಎಂದು ಸೈಕಲ್ ಹತ್ತಿದ.

ಮುಂಗಾರಿಗೆ ಮುಂಚೆ ಒಂದು ಮಾತು ತಿಳಿಸದಿದ್ದರೆ ಬೇರೆ ಕಡೆ ನೋಡುತ್ತೇನೆಂದು ಸಣ್ಣಬೀರಪ್ಪನಿಂದ ಸುದ್ದಿ ಬಂತು. ಹನುಮಮ್ಮ ಕಟ್ಟೆಯ ಮುಂದೆ ಹೋಗಿ ನಿಂತು, ಇದ್ದದ್ದನ್ನು ಇದ್ದ ಹಾಗೇ ಹೇಳಿದಳು.

"ಯಜಮಾನ್ರೇ, ಒಂದು ದಿನನೂ ನಾನು ಅದಕ್ಕ ನೀರು ಹಾಕಿಲ್ಲ. ತಂಗಡಿಗೆ ಹಾಕೀನಿ. ನಾನಿಲ್ದನೂ ಅದು ಬದುಕ್ತೈತಿ. ನನ್ನ ಬಿಟ್ಟುಬಿಡ್ರಿ."

ಹುಚ್ಚರಾಯಪ್ಪ ಎಲೆಯಡಿಕೆ ಉಗಿದ. "ನೀರಿಲ್ದನೂ ಒಣಗಿಲ್ಲ ಅಂದ್ರ, ನೋಡ್ರಪಾ, ಮಾರಪ್ಪನ ಆಸಿ ಇವಳ ಮ್ಯಾಲೆ ಎಷ್ಟಿರಬೇಕು! ಇಂಥ ಗಂಡನ್ನ ಬಿಟ್ಟು ಹೋಗ್ತೀನಂತಾಳಲ್ಲ!"

ಕಟ್ಟೆ ತಲೆದೂಗಿತು. ನೀರು ಹಾಕಿ ಹಸಿರಾದರೆ ಹೆಂಡತಿಯ ನಿಷ್ಠೆ, ಹಾಕದೆ ಹಸಿರಾದರೆ ಗಂಡನ ಆಸೆ. ಹೆಣ್ಣನ್ನು ಕಟ್ಟಿಹಾಕಲೆಂದೇ ಕೂತವರಿಗೆ ಹಗ್ಗಕ್ಕೆ ಬರವೇ? ಬದುಕಿದ್ದಾಗ ಮಾರಪ್ಪ, ತವರಿಗೆ ಹೋಗುತ್ತೇನೆಂದರೆ ಸಾಕು, ಬುತ್ತಿ ಹೊತ್ತು ಗಾಡಿಯ ತನಕ ಬಿಟ್ಟುಬರುತ್ತಿದ್ದ. ಅವನನ್ನು ಸತ್ತ ಮೇಲೆ ಜೈಲಿನ ಜಮಾದಾರ ಮಾಡಿದರು.

"ಇನ್ಮ್ಯಾಲೆ ಬೆಳಿಗ್ಗೆ ಸಂಜಿ ನೀರು ಬೀಳ್ಬೇಕು. ದುರುಗವ್ವ ಎದುರಿಗೇ ನಿಂತು ಹಾಕಿಸ್ಲಿ," ಎಂದಿತು ಕಟ್ಟೆ.

ಮರುದಿನ ಬೆಳಿಗ್ಗೆ ಅತ್ತೆ ಹಿಂದೆಯೇ ಬಂದಳು. ಒಬ್ಬಳೇ ನಿಲ್ಲಲು ಇದ್ದ ಒಂದು ಜಾಗವೂ ಹೋಯಿತು. ನೀರು ಹರಿದುಹೋಗಬಾರದೆಂದು ದುರುಗಮ್ಮ ಕೆರೆಯ ಜೇಡಿಮಣ್ಣು ಮೆತ್ತಿ, ಗಿಡದ ಸುತ್ತ ಎತ್ತರದ ಪಾತಿ ಕಟ್ಟಿದಳು. ಮಗನ ತಲೆ ಸವರಿದ ಹಾಗೆ ಎಲೆ ಸವರಿದಳು. ಹನುಮಮ್ಮ ಮೊದಲ ಸಲ ಗಂಧದ ಬುಡಕ್ಕೆ ಕೊಡ ಬಗ್ಗಿಸಿದಳು. ಪಾತಿ ತುಂಬಿತು. ನೀರು ಇಂಗಲಿಲ್ಲ, ನಿಂತಿತು. ಕೆಸರಿನ ಬಗ್ಗೆ ಗಾರ್ಡ್ ಹೇಳಿದ್ದು ನೆನಪಾಯಿತು. ಅವನೇ ಆಗಿದ್ದರೆ? ಅವನೇ ಆಗಿದ್ದರೆ, ಗಾಡಿಯ ತನಕ ಬಿಟ್ಟುಬರುವವನೇ ಅಲ್ಲವೆ.

"ಸಾಕೇನತ್ತಿ? ಇನ್ನೊಂದ್ ಕೊಡ ತರ್ಲಾ?"

ದುರುಗಮ್ಮನ ಕಣ್ಣು ತುಂಬಿ ಬಂತು. "ತಾರವ್ವ ತಾಯಿ. ನನ್ ಮಗಂಗ ವರ್ಷದ ಬಾಯಾರಿಕಿ."

ಹನುಮಮ್ಮ ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು ಕೆರೆಯ ಕಡೆ ಬಿರಬಿರನೆ ನಡೆದಳು.