ಬಂದರಿಲ್ಲದವಳ ಅರ್ಜಿ

ಗಾಂಧಿ ಬಜಾರಿನ ಟೈಪಿಸ್ಟ್ ನಾಗಯ್ಯನಿಗೆ ಇಂಗ್ಲಿಷಿನ ಹುಚ್ಚು. ಪ್ರತಿ ಅರ್ಜಿಯಲ್ಲೂ ಒಂದಾದರೂ ಭಾರಿ ಕ್ರಿಯಾಪದ ತುರುಕದಿದ್ದರೆ ಅವನಿಗೆ ಸಮಾಧಾನವಿಲ್ಲ. ಗಿರಾಕಿಗಳೂ ಅದಕ್ಕೆ ಸರಿಯಾಗೇ ಇದ್ದರು; ಅರ್ಥವಾಗದಷ್ಟೂ ಅರ್ಜಿಗೆ ಬಲ ಎಂದು ನಂಬಿದ್ದರು.

೧೯೯೭ರ ನವೆಂಬರಿನಲ್ಲಿ ಭದ್ರಾವತಿಯಿಂದ ದುರ್ಗಮ್ಮ ಬಂದಳು. ಕಾರ್ಖಾನೆಯಲ್ಲಿದ್ದ ಗಂಡ ಕಾಯಿಲೆಯಿಂದ ತೀರಿಕೊಂಡಿದ್ದ. ಕ್ವಾರ್ಟರ್ಸ್ ಬಿಡಲು ನೋಟಿಸ್ ಬಂದಿತ್ತು. ಮಗಳು ಮಧುಶ್ರೀಯ ಎಸ್ಸೆಸ್ಸೆಲ್ಸಿ ಪರೀಕ್ಷೆಯವರೆಗೆ ಮನೆ ಉಳಿದರೆ ಸಾಕಿತ್ತು. ನಾಗಯ್ಯ ಪುಟ್ಟ ಡಿಕ್ಷನರಿ ತಿರುವಿ, ‘ಬೇಡುತ್ತೇನೆ’ ಎನ್ನಬೇಕಾದಲ್ಲಿ ‘ಇಂಪಾರ್ಚೂನ್’ ಎಂದು ಕುಟ್ಟಿದ.

ವಾರದಲ್ಲಿ ಅವಳು ಅದೇ ಕಾಗದ ಹಿಡಿದು ಬಂದಳು.

“ಕಾರ್ಖಾನೆ ಸಾಹೇಬ್ರು ಬೇಜಾರು ಮಾಡ್ಕೊಂಡ್ರು ಅಣ್ಣ. ‘ಪೀಡಿಸ್ತೀನಿ ಅಂತ ನೀನೇ ಬರ್ಕೊಟ್ಟಿದ್ದೀಯಲ್ಲಮ್ಮ, ಏನು ಬೇಕೋ ಸರಿಯಾಗಿ ಬರೆಸ್ಕೊಂಡು ಸೋಮವಾರ ಬಾ’ ಅಂದ್ರು. ನಾನೆಲ್ಲಿ ಪೀಡಿಸ್ದೆ?”

ನಾಗಯ್ಯನ ಮುಖ ಸಣ್ಣದಾಯಿತು. ಅವಳನ್ನು ಅಲ್ಲೇ ಕೂರಿಸಿ ಗ್ರಂಥಾಲಯಕ್ಕೆ ಓಡಿ ದಪ್ಪ ನಿಘಂಟು ತೆಗೆದ. ಪದದ ಬೇರು ಲ್ಯಾಟಿನ್. ‘ಪೋರ್ಟುಸ್’ ಎಂದರೆ ಬಂದರು. ಪದದ ಮೊದಲಿಗಿರುವ ‘ಇಂ’ ಅದನ್ನು ಇಲ್ಲವಾಗಿಸುತ್ತದೆ. ಹಡಗು ನಿಲ್ಲಿಸಲು ಬಂದರಿಲ್ಲದ್ದು ಎಂದು ಹೊರಟ ಮಾತು, ಅನನುಕೂಲ, ತೊಂದರೆ ಎಂದೆಲ್ಲ ಆಗಿ, ಕೊನೆಗೆ ಬಿಡದೆ ಕಾಡಿ ಬೇಡುವುದಕ್ಕೆ ಬಂದು ನಿಂತಿತ್ತು. ನೆಲೆಯಿಲ್ಲದವರನ್ನು ಪೀಡೆ ಅನ್ನುವುದು ಅಷ್ಟು ಹಳೆಯ ಕಾಲದಿಂದಲೂ ಇದೆಯಲ್ಲ ಎಂದುಕೊಂಡು ನಿಘಂಟು ಮುಚ್ಚಿದ. ಹಾಗೆ ಅಂದವರ ಗುಂಪಿಗೆ ಈಗ ತಾನೂ ಸೇರಿದ್ದ.

ವಾಪಸು ಬಂದವನು ಮಿಷನ್ನಿಗೆ ಮುಸುಕು ಹಾಕಿ ಪೆನ್ನು ಹಿಡಿದ.

“ತಪ್ಪು ನಂದು ತಾಯಿ. ನೀವು ಹೇಳಿ, ಹಾಗೇ ಬರೀತೀನಿ.”

“ಈ ಮನೆ ಬಿಟ್ರೆ ನಮಗೆ ಜಾಗ ಇಲ್ಲ. ಮಗಳು ಪರೀಕ್ಷೆ ಬರೆದ ಮಾರನೇ ದಿನ ಬೀಗದ ಕೈ ಕೊಡ್ತೀನಿ.”

ಅಷ್ಟನ್ನೇ ಕನ್ನಡದಲ್ಲಿ ಬರೆದ. ಸಾಹೇಬರು ಏಪ್ರಿಲ್ ಕೊನೆಯವರೆಗೆ ಅವಕಾಶ ಕೊಟ್ಟರು.

ಏಪ್ರಿಲ್ ಎರಡನೇ ವಾರವೇ ದುರ್ಗಮ್ಮ ಮಗಳೊಂದಿಗೆ, ಪಾತ್ರೆಯ ಚೀಲ ಹೊತ್ತು ಅಂಗಡಿ ಮುಂದೆ ನಿಂತಿದ್ದಳು.

“ಇನ್ನೂ ದಿನ ಇತ್ತಲ್ಲ ತಾಯಿ?”

“ನಿನ್ನೆ ಪರೀಕ್ಷೆ ಮುಗೀತಣ್ಣ. ಕೊಟ್ಟ ಮಾತಲ್ವಾ. ಇಲ್ಲೇ ಎಲ್ಲಾದ್ರೂ ಕೆಲಸ ಹುಡುಕ್ತೀನಿ.”

ನಾಗಯ್ಯ ಅಂಗಡಿ ಮುಚ್ಚಿ, ಚೀಲ ತಾನೇ ಹೊತ್ತು, ತಾನಿರುವ ಹೊಸಮನೆ ಬಡಾವಣೆಗೆ ಅವರನ್ನು ಕರೆದುಕೊಂಡು ಹೋದ. ಬಾಡಿಗೆಗೊಂದು ಕೋಣೆ ಬೇಕೆಂದು ಮನೆಮನೆಯ ಬಾಗಿಲು ಬಡಿದ. ಇಲ್ಲ ಅಂದವರನ್ನೂ ಎರಡೆರಡು ಸಲ ಕೇಳಿದ. ಸಂಜೆಯ ಹೊತ್ತಿಗೆ ಮುದುಕಿ ಹುಚ್ಚಮ್ಮ, “ನಿನ್ನ ಕಾಟ ತಾಳಕ್ಕಾಗಲ್ಲ ಮಾರಾಯ” ಎಂದು ಬೈಯುತ್ತಲೇ ಹಿತ್ತಲಿನ ಕೋಣೆಯ ಚಿಲಕ ತೆಗೆದಳು.